ಚೆಲ್ಲದ ಜ್ಯೂಸು

ಈದ್ ರಜೆ ಹತ್ತಿರ ಬಂತೆಂದರೆ ದುಬೈಯ ನಮ್ಮ ಅಲ್ ನಹ್ದಾದ ಫ್ಲ್ಯಾಟುಗಳಲ್ಲಿ ಒಂದೇ ಮಾತು: ಈ ಸಲ ಎಲ್ಲಿಗೆ? ಊರಿಗೆ ಹೋಗೋಣವೆಂದರೆ ಟಿಕೆಟ್ ದರ ನೋಡಿ ಸುಮ್ಮನಾಗಬೇಕು. ಇಲ್ಲೇ ಇರೋಣವೆಂದರೆ ಮಕ್ಕಳು ಮನೆಯನ್ನು ತಲೆಕೆಳಗು ಮಾಡುತ್ತಾರೆ. ಆಗ ಶುರುವಾಗುತ್ತದೆ ಹೊರದೇಶದ ರೆಸಾರ್ಟುಗಳ ಫೋಟೋ ನೋಡುವ ಕೆಲಸ. ಈಜುಕೊಳ ಇದೆಯೇ, ಬೆಳಗಿನ ತಿಂಡಿ ಸೇರಿದೆಯೇ, ಸಸ್ಯಾಹಾರ ಸಿಗುತ್ತದೆಯೇ, ಸ್ಪಾ ಇದೆಯೇ ಎಂದು ಗಂಡಿನ ಮನೆಯ ಬಗ್ಗೆ ವಿಚಾರಿಸುವಷ್ಟು ವಿಚಾರಿಸುತ್ತೇವೆ. ಕೇಳಲೇಬೇಕಾದ ಎರಡು ಪ್ರಶ್ನೆಗಳನ್ನು ಮಾತ್ರ ಬಿಟ್ಟುಬಿಡುತ್ತೇವೆ. ಅವು ಯಾವುವೆಂದು ಹೇಳುವುದಕ್ಕೇ ನಮ್ಮ ಮಹಿಳಾ ಬಳಗ ಈ ಕರಪತ್ರ ಹಂಚುತ್ತಿದೆ.

ಕಥೆ ಕಮಲಾಬಾಯಿಯವರದು. ಬಳಗದವರಿಗೆ ಅವರ ಪರಿಚಯ ಬೇಕಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಗದಗಿನವರು, ಅರವತ್ತು ದಾಟಿದವರು. ಮಗ ಅಭಿಜೀತ ಎಂಜಿನಿಯರ್. ಸೊಸೆ ಮಾಧುರಿ ಇಲ್ಲಿಯ ಒಂದು ಶಾಲೆಯಲ್ಲಿ ಟೀಚರ್. ಮೊಮ್ಮಗಳು ಪ್ರತೀಕ್ಷಾ ಮೂರನೇ ತರಗತಿಯ ಹುಡುಗಿ. ಯಜಮಾನರು ಶೇಖಪ್ಪ, ಕರೆಂಟ್ ಇಲಾಖೆಯಿಂದ ನಿವೃತ್ತರಾದವರು. ಗದಗಿನಲ್ಲಿದ್ದಾಗ ಸಂಜೆ ಹೊತ್ತು ಕ್ಲಬ್ಬಿನಲ್ಲಿ ಇಸ್ಪೀಟು ಆಡುತ್ತಿದ್ದರೆಂಬ ಕಪ್ಪುಚುಕ್ಕೆ ಅವರ ಹೆಸರಿನ ಮೇಲೆ ಇವತ್ತಿಗೂ ಇದೆ. ಮನೆಯವರು ಅದನ್ನು ಮರೆತಿಲ್ಲ, ಅವರಿಗೂ ಮರೆಯಲು ಬಿಟ್ಟಿಲ್ಲ.

ಕಮಲಾಬಾಯಿಯವರ ಮೇಲೆ ಅಂಥ ಯಾವ ಚುಕ್ಕೆಯೂ ಇರಲಿಲ್ಲ. ಶನಿವಾರ ಬೆಳಿಗ್ಗೆ ಕಟ್ಟಡದ ಮಕ್ಕಳನ್ನೆಲ್ಲ ಕೂರಿಸಿಕೊಂಡು ಕನ್ನಡ ಅಕ್ಷರ ಕಲಿಸುತ್ತಾರೆ. ಮೊಮ್ಮಗಳು ಅಜ್ಜಿಯನ್ನು ಆಯಿ ಎನ್ನುವುದರಿಂದ ಉಳಿದ ಮಕ್ಕಳಿಗೂ ಅವರು ಆಯಿಯೇ. ಅವರ ಇನ್ನೊಂದು ಗುಣವೆಂದರೆ ತಮಗಾಗಿ ಏನನ್ನೂ ಕೇಳುವವರಲ್ಲ. ಸೀರೆ ಕೊಡಿಸುತ್ತೇನೆಂದರೆ ಬೀರುವಿನಲ್ಲಿ ಇದೆಯಲ್ಲ ಎನ್ನುತ್ತಾರೆ. ಹೋಟೆಲಿಗೆ ಕರೆದೊಯ್ದರೆ ಎಲ್ಲರೂ ತಿಂದ ಮೇಲೆ ಉಳಿದದ್ದೇ ತಮಗೆ ಸಾಕು ಎನ್ನುತ್ತಾರೆ.

ಅಂಥವರು ಈ ವರ್ಷ ಬಾಯಿಬಿಟ್ಟು ಕೇಳಿದರು.

"ಅಭಿ, ಹ್ವಾದ ವರ್ಷ ಹೋಗಿದ್ವಲ್ಲಪಾ, ಆ ರೆಸಾರ್ಟಿಗೇ ಹೋಗೂಣು. ಅಲ್ಲಿ ಸ್ಪಾದಾಗ ಬಿಸಿನೀರಾಗ ಕುಂತ ಮ್ಯಾಲೆ ನನ್ನ ಮಂಡಿ ಎಷ್ಟ ಹಗರ ಆಗಿತ್ತು."

ಅಭಿಜೀತನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಹುಟ್ಟಿದಾಗಿನಿಂದ ಏನೂ ಕೇಳದ ಅವ್ವ ಒಂದು ಆಸೆ ಹೇಳಿದ್ದಳು. "ಖಲಾಸ್. ಅವ್ವ ಹೇಳಿದ ಮ್ಯಾಲೆ ಮುಗೀತು. ಬ್ಯಾರೇದು ನೋಡೂದ ಬ್ಯಾಡ," ಎಂದ. ಮಾಧುರಿಯೂ ಒಪ್ಪಿದಳು. ಆ ಮನೆಯವರು ಎಡವಿದ್ದು ಇಲ್ಲೇ. ಅವ್ವ ಕೇಳಿದಳೆಂಬ ಖುಷಿಯಲ್ಲಿ, ಯಾಕೆ ಕೇಳಿದಳೆಂದು ಯಾರೂ ಕೇಳಲಿಲ್ಲ.

ಆ ರೆಸಾರ್ಟ್ ಇರುವುದು ಜಾರ್ಜಿಯಾ ದೇಶದ ಬಟುಮಿಯಲ್ಲಿ, ಕಪ್ಪು ಸಮುದ್ರದ ದಂಡೆಯ ಮೇಲೆ. ಇಲ್ಲಿನ ರೆಸಿಡೆನ್ಸಿ ವೀಸಾ ಇದ್ದವರಿಗೆ ಹೋಗುವುದು ಸುಲಭವೆಂದು ನಮ್ಮವರು ರಜೆ ಸಿಕ್ಕರೆ ಅತ್ತ ಮುಖ ಮಾಡುತ್ತಾರೆ. ಮೇಲೆ ರೂಮುಗಳು, ಕೆಳಗೆ ಸ್ಪಾ. ನಡುವಿನ ಅಂತಸ್ತಿನಲ್ಲಿ ಕ್ಯಾಸಿನೊ, ಅಂದರೆ ಜೂಜಿನ ಮನೆ.

"ಐ ಡೋಂಟ್ ವಾಂಟ್ ಟು ಗೋ ದೇರ್," ಎಂದಳು ಪ್ರತೀಕ್ಷಾ.

"ಯಾಕ? ಈಜಾಕ ಎಷ್ಟ ಛಲೋ ಐತಿ ಅಲ್ಲೆ," ಎಂದಳು ಮಾಧುರಿ.

"ಐ ಜಸ್ಟ್ ಡೋಂಟ್. ಅಲ್ಲೆ ನಂಗ ಸ್ಟಮಕ್ ಪೇನ್ ಬರತೈತಿ."

"ಹೊಟ್ಟಿ ನೋವಂತ. ಮತ್ತ ಜ್ಯೂಸ್ ಚೆಲ್ಲಿತೇನು?"

ಎಲ್ಲರೂ ನಕ್ಕರು. ಹುಡುಗಿ ಮಾತ್ರ ಆಯಿಯ ಮುಖ ನೋಡಿದಳು. ಆಯಿ ತಮ್ಮ ಮಂಡಿ ನೋಡಿಕೊಂಡರು.

ಈ ಜ್ಯೂಸಿನ ಮಾತು ನಿಮಗೆ ಅರ್ಥವಾಗಬೇಕಾದರೆ ಹೋದ ವರ್ಷದ್ದನ್ನು ಹೇಳಬೇಕು. ಕಮಲಾಬಾಯಿಯವರು ನನಗೆ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ.

ಹೋದ ವರ್ಷ ಆ ರೆಸಾರ್ಟಿಗೆ ಹೋದಾಗ ಮನೆಯವರಿಗೆಲ್ಲ ಒಂದೇ ಚಿಂತೆ, ಶೇಖಪ್ಪನವರನ್ನು ಕಾಯುವುದು. ರಿಸೆಪ್ಶನ್ನಿನಲ್ಲಿ ರೂಮಿನ ಕೀಲಿಯ ಜೊತೆ ದೊಡ್ಡವರಿಗೆಲ್ಲ ಒಂದೊಂದು ಬಣ್ಣದ ಕಾರ್ಡು ಕೊಟ್ಟರು. ಕ್ಯಾಸಿನೊದಲ್ಲಿ ಮೊದಲ ಕೆಲವು ಆಟ ಪುಕ್ಕಟೆ ಆಡಬಹುದೆಂಬ ಕಾರ್ಡು. ಅಭಿಜೀತ ಅಪ್ಪನ ಕೈಯಿಂದ ಅದನ್ನು ತಕ್ಷಣ ಕಸಿದು ಜೇಬಿಗೆ ಹಾಕಿಕೊಂಡ. ಅವ್ವನ ಕಾರ್ಡನ್ನು ಯಾರೂ ಕಸಿದುಕೊಳ್ಳಲಿಲ್ಲ. ಅದು ಏನೆಂದೇ ಅವಳಿಗೆ ತಿಳಿಯದೆಂದು ಎಲ್ಲರೂ ನಂಬಿದ್ದರು. ಕಮಲಾಬಾಯಿಯವರೂ ಹಾಗೇ ನಂಬಿದ್ದರು.

ಪಾಪ ಶೇಖಪ್ಪನವರು ಪ್ರವಾಸದ ಬಹುಪಾಲನ್ನು ದಂಡೆಯ ಬೆಂಚಿನ ಮೇಲೆ ಕಳೆದರು. ಚೀಸ್ ತುಂಬಿದ ರೊಟ್ಟಿ ತಿನ್ನುತ್ತ, ಅದರ ಚೂರನ್ನು ಕಡಲಹಕ್ಕಿಗಳಿಗೆ ಎಸೆಯುತ್ತ ಕೂತರು. ಎದ್ದು ನಿಂತರೆ ಮಗ ಹಿಂದೆ ಬರುತ್ತಿದ್ದ.

ಕಮಲಾಬಾಯಿಯವರು ಸ್ಪಾ ಮುಗಿಸಿ ಮೇಲೆ ಬರುವ ದಾರಿ ಕ್ಯಾಸಿನೊದ ಬಾಗಿಲ ಮುಂದೆಯೇ ಇತ್ತು. ಬಿಸಿನೀರಿನಲ್ಲಿ ಕೂತು ಮೈ ಹಗುರಾಗಿತ್ತು. ಒಳಗೆ ಮೆತ್ತನೆಯ ಕುರ್ಚಿಗಳು ಕಂಡವು. ಬಾಗಿಲಲ್ಲಿ ಪಾಸ್‌ಪೋರ್ಟ್ ತೋರಿಸಿದರೆ ಸಾಕು, ಬನ್ನಿ ಎನ್ನುತ್ತಾರೆ. ಪಾಸ್‌ಪೋರ್ಟನ್ನು ರೂಮಿನಲ್ಲಿ ಬಿಟ್ಟರೆ ಕಳೆದೀತೆಂದು ಅವರು ಅದನ್ನು ಸೊಂಟದ ಬಟ್ಟೆಚೀಲದಲ್ಲೇ ಇಟ್ಟುಕೊಂಡು ತಿರುಗುವವರು. ಸುಮ್ಮನೆ ನೋಡಿ ಬರೋಣವೆಂದು ಹೋದರು. ಪುಕ್ಕಟೆ ಕಾರ್ಡು ಇತ್ತಲ್ಲ, ಒಂದು ಯಂತ್ರದ ಮುಂದೆ ಕೂತರು. ಗುಂಡಿ ಒತ್ತಿದರೆ ಹಣ್ಣಿನ ಚಿತ್ರಗಳು ತಿರುಗಿ ನಿಲ್ಲುತ್ತವೆ. ಒಂದೇ ಥರದ ಹಣ್ಣು ಸಾಲಾಗಿ ಬಂದರೆ ಗಂಟೆ ಬಾರಿಸಿ ದೀಪ ಮಿನುಗುತ್ತದೆ. ಅವರಿಗೆ ಸಾಲಾಗಿ ಬಂದವು.

"ಅಷ್ಟ ವರ್ಷದಾಗ ನಾ ಏನರೆ ಮಾಡಿದ್ದಕ್ಕ ಯಾರರೆ ಗಂಟಿ ಬಾರಿಸಿದ್ರೇನವಾ?" ಎಂದು ನನ್ನನ್ನು ಕೇಳಿದರು.

ಮಾರನೆಯ ದಿನವೂ ಹೋದರು. ಆಮೇಲೆ ಸ್ಪಾ ಬರೀ ಹೆಸರಿಗಾಯಿತು. ಮನೆಯವರೆಲ್ಲ ಕೇಬಲ್ ಕಾರಿನಲ್ಲಿ ಗುಡ್ಡಕ್ಕೆ ಹೋದ ದಿನ ಪ್ರತೀಕ್ಷಾಳಿಗೆ ನೆಗಡಿ. ಅವಳನ್ನು ಆಯಿಯ ಜೊತೆ ಬಿಟ್ಟುಹೋದರು. ಮಕ್ಕಳನ್ನು ಕ್ಯಾಸಿನೊದ ಒಳಗೆ ಬಿಡುವುದಿಲ್ಲ. ಹೊರಗೆ ಮೀನಿನ ತೊಟ್ಟಿಯ ಪಕ್ಕ ಒಂದು ಸೋಫಾ ಇತ್ತು. ಆಯಿ ಹುಡುಗಿಯನ್ನು ಅಲ್ಲಿ ಕೂರಿಸಿ, "ಇಲ್ಲೇ ಕುಂಡ್ರು. ಏಳಬ್ಯಾಡ, ಯಾರ ಜೋಡೀನೂ ಹೋಗಬ್ಯಾಡ. ನಾ ಸ್ಪಾಕ್ಕ ಹೋಗಿ ಈಗ ಬಂದೆ," ಎಂದು ಹೇಳಿ ಒಳಗೆ ಹೋದರು.

ಅಂಥ ಜಾಗದಲ್ಲಿ ಗಡಿಯಾರ ಇರುವುದಿಲ್ಲ, ಕಿಟಕಿಯೂ ಇರುವುದಿಲ್ಲ. ಹೊರಗೆ ಬಂದಾಗ ಎಷ್ಟು ಹೊತ್ತಾಗಿತ್ತೆಂದು ಅವರಿಗೆ ಇವತ್ತಿಗೂ ತಿಳಿಯದು. ಹುಡುಗಿ ಕೂರಿಸಿದ ಜಾಗದಲ್ಲೇ ಇದ್ದಳು. ಹೊಸ ಫ್ರಾಕು ಒದ್ದೆಯಾಗಿತ್ತು, ಸೋಫಾ ಕೂಡ ಒದ್ದೆ. ಅತ್ತಿರಲಿಲ್ಲ.

"ಆಯಿ, ಐ ಡಿಡಂಟ್ ಗೆಟ್ ಅಪ್," ಎಂದಳು. ಏಳಬೇಡ ಎಂದಿದ್ದರಲ್ಲ, ಎದ್ದಿರಲಿಲ್ಲ.

ಕಮಲಾಬಾಯಿಯವರು ಸೆರಗಿನಿಂದ ಸೋಫಾ ಒರೆಸಿದರು. ಒರೆಸುತ್ತಲೇ ಹೇಳಿದರು: "ಮಮ್ಮಿ ಕೇಳಿದ್ರ ಜ್ಯೂಸ್ ಚೆಲ್ಲಿತು ಅನ್ನು."

ಫ್ರಾಕು ಒಗೆಯುವಾಗ ಮಾಧುರಿಗೆ ಅದು ಜ್ಯೂಸಲ್ಲವೆಂದು ಗೊತ್ತಾಯಿತು. ಹೆತ್ತವಳ ಮೂಗಿಗೆ ಅಷ್ಟೂ ತಿಳಿಯದೇ? ಮಗಳನ್ನು ಕೇಳಿದಳು. ಜ್ಯೂಸ್ ಎಂದಳು. ಗದರಿಸಿ ಕೇಳಿದಳು. ಆಗಲೂ ಜ್ಯೂಸ್ ಎಂದಳು. ನನ್ನ ಮಗಳು ಮುಖ ನೋಡಿಕೊಂಡೇ ಸುಳ್ಳು ಹೇಳುವುದನ್ನು ಕಲಿತಿದ್ದಾಳೆಂದು ಮಾಧುರಿಗೆ ಸಂಕಟವಾಯಿತು. ಅಂದಿನಿಂದ ಹುಡುಗಿಯ ಯಾವ ಮಾತಿನ ಮೇಲೆ ಅನುಮಾನ ಬಂದರೂ ಆ ಮನೆಯಲ್ಲಿ ಒಂದೇ ಪ್ರಶ್ನೆ: ಜ್ಯೂಸ್ ಚೆಲ್ಲಿತೇನು? ಹೋಂವರ್ಕ್ ಮುಗಿಯಿತೆಂದರೆ ಜ್ಯೂಸ್. ಹಲ್ಲುಜ್ಜಿದೆನೆಂದರೆ ಜ್ಯೂಸ್. ಪ್ರತಿ ಸಲವೂ ಆಯಿ ಆ ಕೋಣೆಯಲ್ಲೇ ಇರುತ್ತಿದ್ದರು. ಒಮ್ಮೆಯೂ ಬಾಯಿ ತೆರೆಯಲಿಲ್ಲ.

ಕ್ಯಾಸಿನೊದಲ್ಲಿ ದುಡ್ಡೆಷ್ಟು ಹೋಯಿತು ಎಂದು ಕೇಳಬೇಡಿ. ಊರಿಗೆ ಸಾಮಾನು ಕೊಳ್ಳಲೆಂದು ಇಟ್ಟುಕೊಂಡಿದ್ದದ್ದು ಹೋಯಿತು, ಅದು ಯಾರಿಗೂ ತಿಳಿಯಲಿಲ್ಲ ಕೂಡ. ದುಡ್ಡಿನ ಕಥೆಯಾಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ದುಬೈಗೆ ಮರಳಿದ ಮೇಲೆ ಎಲ್ಲ ಮುಗಿಯಿತೆಂದು ಅವರು ಅಂದುಕೊಂಡಿದ್ದರು. ಆದರೆ ಕೈ ಕೇಳಲಿಲ್ಲ. ಫೋನಿನಲ್ಲಿ ಅದೇ ಥರ ಹಣ್ಣು ತಿರುಗುವ ಒಂದು ಆಟ ಸಿಕ್ಕಿತು. ದುಡ್ಡು ಕಟ್ಟುವ ಹಾಗಿಲ್ಲ, ಬರೀ ಆಟ. ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಆಡುತ್ತಿದ್ದರು. ಯಾಕೆ ಇಷ್ಟು ಹೊತ್ತು ಎಂದರೆ ಮಂಡಿನೋವು, ಎದ್ದೇಳಲು ಆಗಲಿಲ್ಲ ಎನ್ನುತ್ತಿದ್ದರು. ಈ ಸಲ ಅದೇ ರೆಸಾರ್ಟ್ ಬೇಕೆಂದು ಕೇಳಿದ ಮಂಡಿನೋವೂ ಇದೇ.

ಇನ್ನು ಅಕ್ಕುವಿನ ವಿಷಯ. ಅಕ್ಕು ಉಡುಪಿ ಕಡೆಯವರು, ಅದೇ ಕಟ್ಟಡದಲ್ಲಿ ಕೆಳಗಿನ ಮನೆ. ಪಕ್ಕದ ಅಲ್ ಕುಸೈಸ್‌ನ ಒಂದು ಕ್ಲಿನಿಕ್ಕಿನಲ್ಲಿ ಕುಡಿತ, ಜೂಜು ಮುಂತಾದ ಚಟಕ್ಕೆ ಬಿದ್ದವರಿಗೆ ಆಪ್ತಸಲಹೆ ಕೊಡುವ ಕೆಲಸ ಅವರದು. ಕಮಲಾಬಾಯಿಯವರು ರೆಸಾರ್ಟ್ ಕೇಳಿದ ವಾರವೇ, ಶುಕ್ರವಾರ ಸಂಜೆ, ಅವರ ಮನೆಗೆ ಚಹಕ್ಕೆ ಬಂದಾಗ ಟೀವಿ ತುಂಬ ರೆಸಾರ್ಟಿನ ಫೋಟೋಗಳಿದ್ದವು.

"ಚಂದ ಉಂಟು," ಎಂದರು ಅಕ್ಕು. "ಈ ಸ್ಪಾಗೆ ಹೋಗುವ ದಾರಿ ಎಲ್ಲಿಂದ ಅಭಿಜೀತ?"

"ಲಿಫ್ಟ್ ಇಳದು ಕ್ಯಾಸಿನೊ ಮುಂದಿಂದ ಹೋಗಬೇಕ್ರಿ."

"ಬೇರೆ ದಾರಿ ಇಲ್ವಾ?"

"ಇಲ್ಲರಿ. ಯಾಕ?"

"ಹಾಗಾದ್ರೆ ಬೇರೆ ರೆಸಾರ್ಟ್ ನೋಡಿ ಮಾರಾಯ್ರೆ. ದಾರಿಯನ್ನು ಅವರು ಸುಮ್ಮನೆ ಹಾಗೆ ಮಾಡುವುದಲ್ಲ. ಹೋಗುವಾಗ ಬರುವಾಗ ನೀವು ಅದನ್ನು ನೋಡ್ಬೇಕು ಅಂತಲೇ ಮಾಡುವುದು. ಮತ್ತೆ ಆ ಫ್ರೀ ಕಾರ್ಡ್ ಕೊಡ್ತಾರಲ್ಲ, ಅದನ್ನು ಕೈಯಲ್ಲಿ ಮುಟ್ಟಲಿಕ್ಕೇ ಹೋಗ್ಬೇಡಿ. ಬೇಡ ಅಂತ ಅಲ್ಲೇ ಮೇಜಿನ ಮೇಲೆ ಬಿಟ್ಟು ಬರುವುದು."

ಶೇಖಪ್ಪನವರು ಕಪ್ಪು ಕೆಳಗಿಟ್ಟರು. "ನನ್ನ ಸಲುವಾಗಿ ಹೇಳಾಕತ್ತೀಯೇನವಾ ತಂಗಿ? ಕ್ಲಬ್ ಬಿಟ್ಟು ಎಷ್ಟ ಕಾಲ ಆತು. ಈ ಮಂದಿ ಇನ್ನೂ ನನ್ನ ಜೇಲಿನ ಕೈದಿಗತೆ ಕಾಯತಾರ."

"ನಿಮ್ಮನ್ನು ಕಾಯುವವರು ಇದ್ದಾರೆ, ಶೇಖಪ್ಪಣ್ಣ. ನಿಮ್ಮ ಬಗ್ಗೆ ನನಗೆ ಹೆದರಿಕೆ ಇಲ್ಲ. ನನ್ನ ಹತ್ರ ಬರುವವರಲ್ಲಿ ಇಸ್ಪೀಟು ಎಲೆ ಮುಟ್ಟಿ ಗೊತ್ತಿಲ್ಲದವರು ಎಷ್ಟು ಜನ ಉಂಟು ಗೊತ್ತುಂಟಾ? ಹೆಂಗಸರು, ಪ್ರಾಯ ಆದವರು, ಮನೆಯಲ್ಲಿ ಎಲ್ಲರಿಗೂ ಬುದ್ಧಿ ಹೇಳುವವರು. ಅವರನ್ನು ಕಾಯ್ಬೇಕು ಅಂತ ಯಾರಿಗೂ ತೋಚುವುದೇ ಇಲ್ಲ."

ಅಭಿಜೀತ ನಕ್ಕ. "ಹಂಗಾರ ಈ ಸಲ ನಮ್ಮ ಅವ್ವನ್ನ ಕಾಯೂಣೇನ್ರಿ?"

ಎಲ್ಲರೂ ನಕ್ಕರು. ಕಮಲಾಬಾಯಿಯವರೂ ನಕ್ಕರು. ಆ ನಗು ನೆನೆದರೆ ಈಗಲೂ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆಯಂತೆ.

ಅಕ್ಕು ಹುಡುಗಿಯ ಕಡೆ ತಿರುಗಿ, "ದೊಡ್ಡವರೆಲ್ಲ ಸ್ಪಾದಲ್ಲಿರುವಾಗ ನೀನು ಎಲ್ಲಿ ಆಡುವುದು ಪುಟ್ಟಾ?" ಎಂದು ಕೇಳಿದರು.

"ನೋವೇರ್. ಐ ಸಿಟ್," ಎಂದಳು ಪ್ರತೀಕ್ಷಾ.

ಅಕ್ಕು ಇನ್ನೇನೋ ಕೇಳಹೊರಟರು. ಆದರೆ ಅಷ್ಟರಲ್ಲಿ ಅಭಿಜೀತ, ಆಫರ್ ಇರುವುದು ನಾಳೆಯವರೆಗೆ ಮಾತ್ರ, ನಾಳೆ ಸಂಜೆ ಬುಕ್ ಮಾಡಿಬಿಡುತ್ತೇನೆ ಎಂದು ಮಾತು ಮುಗಿಸಿದ. "ನಾವೇನ ಜೂಜಾಡಾಕ ಹೊಂಟಿಲ್ಲರಿ ಅಕ್ಕು ಆಂಟಿ. ಅವ್ವನ ಮಂಡಿಗೆ ಅಂತ ಹೊಂಟೀವಿ."

ಮಾರನೆಯ ದಿನ ಶನಿವಾರ. ಎಂದಿನಂತೆ ಮಕ್ಕಳು ಬಂದು ಚಾಪೆಯ ಮೇಲೆ ಕೂತರು. ಬೋರ್ಡಿನ ಮೇಲೆ ಬರೆಯುವ ನೀಲಿ ಮಾರ್ಕರ್ ಕಾಣಲಿಲ್ಲ. ಯಾರು ತೆಗೆದುಕೊಂಡಿರಿ ಎಂದು ಆಯಿ ಕೇಳಿದರು. ನಾನಲ್ಲ, ನಾನಲ್ಲ ಎಂದು ಎಲ್ಲರೂ ಹೇಳಿದರು. ಪ್ರತೀಕ್ಷಾ ನಾನಲ್ಲ ಎಂದದ್ದೇ ತಡ, ಹಿಂದೆ ಕೂತ ಒಬ್ಬಳು "ಜ್ಯೂಸ್" ಎಂದಳು. ಇನ್ನೊಬ್ಬ "ಜ್ಯೂಸ್, ಜ್ಯೂಸ್" ಎಂದ. ಆಮೇಲೆ ಎಲ್ಲ ಮಕ್ಕಳೂ ಸೇರಿ ಚಪ್ಪಾಳೆ ತಟ್ಟುತ್ತ ಅದನ್ನೇ ಹೇಳತೊಡಗಿದರು.

ಮನೆಯೊಳಗಿನ ಮಾತು ಹೊಸ್ತಿಲು ದಾಟಿ ಕಟ್ಟಡಕ್ಕೆಲ್ಲ ಹಬ್ಬಿತ್ತು. ಅದು ಹುಡುಗಿಯ ಅಡ್ಡಹೆಸರೇ ಆಗಿಹೋಗಿತ್ತು. ಕಮಲಾಬಾಯಿಯವರಿಗೆ ಅದು ಅಂದೇ ಗೊತ್ತಾದದ್ದು.

ಪ್ರತೀಕ್ಷಾ ಅಳಲಿಲ್ಲ, ಜಗಳಾಡಲೂ ಇಲ್ಲ. ತಲೆ ತಗ್ಗಿಸಿ, "ಓಕೆ. ಐ ಟುಕ್ ಇಟ್," ಎಂದಳು.

ಮಾರ್ಕರ್ ಇದ್ದದ್ದು ಆಯಿಯ ಮಡಿಲಲ್ಲಿ, ಸೆರಗಿನ ಮಡಿಕೆಯೊಳಗೆ. ಏಳಹೋದಾಗ ನೆಲಕ್ಕೆ ಬಿತ್ತು. ಅಂದರೆ, ತಾನು ಮಾಡದ ತಪ್ಪನ್ನೂ ಆ ಹುಡುಗಿ ಒಪ್ಪಿಕೊಳ್ಳುವಷ್ಟರ ಮಟ್ಟಿಗೆ ಬಂದಿದ್ದಳು. ನಿಜ ಹೇಳಿದರೂ ಯಾರೂ ನಂಬದಿದ್ದರೆ ಮಗು ಇನ್ನೇನು ಮಾಡೀತು?

ಮಕ್ಕಳನ್ನು ಮನೆಗೆ ಕಳಿಸಿ ಕಮಲಾಬಾಯಿಯವರು ಸೀದಾ ಅಕ್ಕುವಿನ ಮನೆಗೆ ಹೋದರು. ಬಾಗಿಲು ತೆರೆದವರ ಮುಖ ನೋಡದೆ, ಚಪ್ಪಲಿ ಬಿಡುವ ಜಾಗದಲ್ಲೇ ನಿಂತು ಎಲ್ಲ ಹೇಳಿದರು. ಕ್ಯಾಸಿನೊ, ಸೋಫಾ, ಫ್ರಾಕು, ಫೋನಿನ ಆಟ, ಬಚ್ಚಲಿನ ನಲ್ಲಿ.

"ನಾಚಿಕಿ ಆಗತೈತಿ ಅಕ್ಕು. ಈ ವಯಸ್ಸಿನಾಗ ಏನ ಹೆಣಮಗಳು ನಾನು. ಅವರು ಆಡೂ ಇಸ್ಪೀಟಕ್ಕ ನಾ ಎಷ್ಟ ಬೈದಿದ್ದೆ."

"ಒಳಗೆ ಬನ್ನಿ ಕಮಲಕ್ಕ. ಮೊದಲು ಕೂತುಕೊಳ್ಳಿ." ಅಕ್ಕು ಅವರ ಕೈ ಹಿಡಿದು ಕೂರಿಸಿದರು. "ಇದು ನಿಮ್ಮ ಕೆಟ್ಟತನ ಅಲ್ಲ. ಆ ಯಂತ್ರವನ್ನು ಮಾಡುವುದೇ ಹಾಗೆ, ಒಮ್ಮೆ ಕೂತವರು ಏಳಬಾರದು ಅಂತ. ಜ್ವರಕ್ಕೆ ಮದ್ದು ಇದ್ದ ಹಾಗೆ ಇದಕ್ಕೂ ದಾರಿ ಉಂಟು. ಫೋನಿನ ಆ ಆಟವನ್ನು ಈಗಲೇ ತೆಗೀರಿ. ದುಡ್ಡು ಹೋಗದಿದ್ರೂ ಅದು ಆಸೆಯನ್ನು ಆರ್ಲಿಕ್ಕೆ ಬಿಡುವುದಿಲ್ಲ. ಸೋಮವಾರ ಕ್ಲಿನಿಕ್ಕಿಗೆ ಬನ್ನಿ, ನಾನೇ ಕರ್ಕೊಂಡು ಹೋಗ್ತೇನೆ. ಇನ್ನು ಮುಂದೆ ಎಂದಾದ್ರೂ ಅಂಥ ಜಾಗಕ್ಕೆ ಹೋಗ್ಲೇಬೇಕಾಗಿ ಬಂದ್ರೆ, ನನ್ನನ್ನು ಒಳಗೆ ಬಿಡಬೇಡಿ ಅಂತ ನೀವೇ ಅವರಿಗೆ ಹೇಳಿ ಇಡಬಹುದು. ತುಂಬ ಕಡೆ ಹಾಗೆ ಉಂಟು, ಕೇಳಿದ್ರೆ ಮಾಡಿ ಕೊಡ್ತಾರೆ."

ಕಮಲಾಬಾಯಿಯವರು ಅಲ್ಲೇ ಫೋನು ಕೊಟ್ಟರು. ಅಕ್ಕು ಆಟ ತೆಗೆದುಹಾಕಿದರು. ಮನಸ್ಸಿಗೆ ಸ್ವಲ್ಪ ಸಮಾಧಾನವಾಗುತ್ತಲೇ ಕಮಲಾಬಾಯಿಯವರು ಇನ್ನೊಂದು ದಾರಿ ಹುಡುಕಿದರು. ನಾವಾಗಿದ್ದರೂ ಹುಡುಕುತ್ತಿದ್ದೆವು, ಅವರನ್ನು ಬೈಯುವುದು ಬೇಡ.

"ಮಂಡಿ ಭಾಳ ನೋಯಾಕತ್ತೈತಿ, ನಾ ಬರೂದಿಲ್ಲ, ನೀವಽ ಹೋಗ್ರಿ ಅಂತೀನಿ. ಅಷ್ಟ ಅಂದ್ರ ಸಾಲದೇನು?"

"ನೀವು ಬಚಾವ್ ಆಗ್ತೀರಿ. ಮಗು?"

"ಹಂಗಾರ ನೀನಽ ಹೇಳಿಬಿಡವಾ. ನೀ ಕಲತಾಕಿ, ನಿನ್ನ ಬಾಯಾಗ ಮಾತು ಚಂದ ಬರತಾವ."

"ಆಟದ ವಿಷಯ ಬೇಕಾದ್ರೆ ನಾನೇ ಬಂದು ಅವರಿಗೆ ಬಿಡಿಸಿ ಹೇಳ್ತೇನೆ. ಜ್ಯೂಸಿನ ವಿಷಯ ನನ್ನ ಬಾಯಿಂದ ಬರಬಾರದು ಕಮಲಕ್ಕ. ಅದನ್ನು ಅವಳ ಬಾಯಿಂದ ಹೇಳಿಸಿದ್ದು ನೀವು."

ಸಂಜೆ ಚಹದ ಹೊತ್ತಿಗೆ ಅಭಿಜೀತ ಲ್ಯಾಪ್‌ಟಾಪ್ ತೆರೆದುಕೊಂಡು ಕೂತಿದ್ದ. ಉಳಿದವರೆಲ್ಲರ ಪಾಸ್‌ಪೋರ್ಟುಗಳು ಮೇಜಿನ ಮೇಲಿದ್ದವು. ಅಕ್ಕು ಬಂದು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತರು. ಪ್ರತೀಕ್ಷಾ ನೆಲದ ಮೇಲೆ ಚಿತ್ರಕ್ಕೆ ಬಣ್ಣ ತುಂಬುತ್ತಿದ್ದಳು.

"ಅವ್ವಾ, ನಿನ್ನ ಪಾಸ್‌ಪೋರ್ಟ್ ಕೊಡು."

ಕಮಲಾಬಾಯಿಯವರು ಸೊಂಟದ ಚೀಲಕ್ಕೆ ಕೈ ಹಾಕಿದರು, ಆದರೆ ತೆಗೆಯಲಿಲ್ಲ. "ತಡಿ ಅಭಿ. ಆ ದಿವಸ ಜ್ಯೂಸ್ ಚೆಲ್ಲಿರಲಿಲ್ಲ," ಎಂದರು.

ಯಾರಿಗೂ ಏನೂ ತಿಳಿಯಲಿಲ್ಲ. ಅವರು ನಿಲ್ಲಿಸದೆ ಹೇಳಿದರು. ನಿಲ್ಲಿಸಿದರೆ ಮತ್ತೆ ಶುರು ಮಾಡಲಾಗುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಸ್ಪಾಕ್ಕೆಂದು ಹೇಳಿ ಎಲ್ಲಿಗೆ ಹೋದೆ, ಹುಡುಗಿಯನ್ನು ಎಲ್ಲಿ ಕೂರಿಸಿದೆ, ಅವಳಿಗೆ ಏನು ಹೇಳಿಕೊಟ್ಟೆ, ಈ ಸಲ ಯಾಕೆ ಅದೇ ಜಾಗ ಕೇಳಿದೆ, ಎಲ್ಲವನ್ನೂ.

ಶೇಖಪ್ಪನವರು ಮೊದಲು ನಗಹೋದರು. "ಏ, ನೀನೇನ?" ಎಂದವರು ಹೆಂಡತಿಯ ಮುಖ ನೋಡಿ ನಿಲ್ಲಿಸಿದರು. ಆಮೇಲೆ ಮೆಲ್ಲನೆ, "ನನ್ನೊಬ್ಬನ್ನ ಇಷ್ಟ ಮಂದಿ ಕಾದ್ರಿ," ಎಂದರು. ಅದರಲ್ಲಿ ಗೆದ್ದ ದನಿಯಿರಲಿಲ್ಲ.

ಅಭಿಜೀತ ಲ್ಯಾಪ್‌ಟಾಪ್ ಮುಚ್ಚಿದ. "ಅವ್ವಾ, ನೀ ಸ್ಪಾ ಅಂದಿ. ನಾವು ನಂಬಿದ್ವಿ," ಎಂದ. ಅಷ್ಟು ಹೇಳಿ, ತಾನು ಅಪ್ಪನ ಕೈಯಿಂದ ಕಸಿದ ಕಾರ್ಡು ನೆನಪಾಗಿರಬೇಕು, ಅಪ್ಪನ ಕಡೆ ನೋಡಿದ.

ಮಾಧುರಿ ಅತ್ತೆಯನ್ನು ನೋಡಲೇ ಇಲ್ಲ. "ವರ್ಷಪೂರ್ತಿ ನಾ ಅಕಿಗೆ ಸುಳ್ಳಿ ಅಂದೆ," ಎಂದಳು. "ಮಂದಿ ಮುಂದ ನಗಿ ಮಾಡಿದೆ. ಅತ್ತೀ, ನೀವು ಇಲ್ಲೇ ಕುಂತ ಕೇಳತಿದ್ರಿ." ಹೌದು, ಕೇಳುತ್ತಿದ್ದೆ ಎಂದರು ಕಮಲಾಬಾಯಿಯವರು.

ನಂತರ ಅವರು ಮಾಡಿದ್ದನ್ನು ಅಕ್ಕು ನನಗೆ ಹೇಳಿದರು. ನೆಲದ ಮೇಲೆ ಕೂರಬೇಡಿ ಎಂದು ಡಾಕ್ಟರು ಅವರಿಗೆ ಎಂದೋ ಹೇಳಿದ್ದರು, ಮಂಡಿನೋವು ಪೂರ್ತಿ ಸುಳ್ಳೇನಲ್ಲ. ಆದರೂ ಕುರ್ಚಿಯ ತೋಳು ಹಿಡಿದು, ನೋವಿಗೆ ಹಲ್ಲು ಕಚ್ಚಿ, ಮೊಮ್ಮಗಳ ಎದುರು ನೆಲಕ್ಕೆ ಇಳಿದು ಕೂತರು.

"ನೀ ಸುಳ್ಳಿ ಅಲ್ಲವಾ ತಾಯಿ. ಸುಳ್ಳ ಹೇಳಿದಾಕಿ ನಾನು. ನಿನ್ನ ಬಾಯಿಲೆ ಹೇಳಿಸಿದೆ. ನೀ ನನ್ನ ಮಾತ ನಡಿಸಿದಿ, ನಾ ನಿನ್ನ ಮರ್ಯಾದಿ ಕಳದೆ. ನನ್ನದು ತಪ್ಪಾತು."

ಪ್ರತೀಕ್ಷಾ ಬಣ್ಣದ ಪೆನ್ಸಿಲ್ ಕೆಳಗಿಟ್ಟಳು.

"ಸೋ ನೌ ಕ್ಯಾನ್ ಐ ಟೆಲ್ ಮಮ್ಮಿ?"

ಮಮ್ಮಿ ಅಲ್ಲೇ ಇದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಆದರೆ ಹುಡುಗಿಗೆ ಅದು ಲೆಕ್ಕಕ್ಕೆ ಬರಲಿಲ್ಲ. ಆಯಿ ಹ್ಞೂಂ ಎಂದ ಮೇಲೆ ಎದ್ದಳು, ತಾಯಿಯ ಹತ್ತಿರ ಹೋಗಿ ನಿಂತಳು, "ಮಮ್ಮಿ, ಅದು ಜ್ಯೂಸ್ ಅಲ್ಲ," ಎಂದಳು.

"ಹೌದವಾ," ಎಂದಳು ಮಾಧುರಿ. "ನೀ ಖರೇ ಹೇಳಾಕತ್ತಿ."

ಆಗ ಹುಡುಗಿ ಅತ್ತಳು. ಮೀನಿನ ತೊಟ್ಟಿಯ ಪಕ್ಕದ ಸೋಫಾದ ಮೇಲೆ ಅಳದೆ ಉಳಿದದ್ದೆಲ್ಲ ಅಂದು ಹೊರಗೆ ಬಂತು.

ಇಲ್ಲಿಗೆ ಎಲ್ಲ ಸರಿಹೋಯಿತೆಂದು ಬರೆದರೆ ಅದೂ ಒಂದು ಜ್ಯೂಸಿನ ಕಥೆಯೇ ಆದೀತು. ಮಾಧುರಿ ಅತ್ತೆಯ ಜೊತೆ ಮೊದಲಿನಂತೆ ಮಾತಾಡಲು ಬಹಳ ದಿನ ಹಿಡಿಯಿತು. ಕಮಲಾಬಾಯಿಯವರು ಅಕ್ಕುವಿನ ಕ್ಲಿನಿಕ್ಕಿಗೆ ಇನ್ನೂ ಹೋಗುತ್ತಿದ್ದಾರೆ. ಅಂಗಡಿಯಲ್ಲಿ ಬಣ್ಣದ ದೀಪ ಮಿನುಗಿದರೆ ಬೆರಳು ಇನ್ನೂ ತುಡಿಯುತ್ತದಂತೆ. ಶನಿವಾರದ ಪಾಠದಲ್ಲಿ ಮಕ್ಕಳೆಲ್ಲರ ಮುಂದೆ, ಜ್ಯೂಸ್ ಎಂದು ಸುಳ್ಳು ಹೇಳಿದವಳು ನಾನು, ಪ್ರತೀಕ್ಷಾ ಅಲ್ಲ ಎಂದು ಹೇಳಿದರು. ಆ ಅಡ್ಡಹೆಸರು ಅಂದೇ ನಿಂತಿತು. ಈದ್‌ಗೆ ಈ ದೇಶದಲ್ಲೇ ಇರುವ ಫುಜೈರಾದ ಕಡಲದಂಡೆಗೆ ಹೋಗಿ ಬಂದರು. ಸಣ್ಣ ಹೋಟೆಲು, ಒಂದು ಬಿಸಿನೀರಿನ ಕೊಳ. ಆಯಿ ಕಾಲು ಇಳಿಬಿಟ್ಟು ಕೂತರೆ ಪ್ರತೀಕ್ಷಾ ಪಕ್ಕದಲ್ಲಿ ಕೂರುತ್ತಿದ್ದಳು, ಬೇಕೆನಿಸಿದಾಗ ಎದ್ದು ಹೋಗುತ್ತಿದ್ದಳು.

ಈ ಕರಪತ್ರದ ಮೊದಲ ಪ್ರತಿಯಲ್ಲಿ ನಾನು ಅವರ ಹೆಸರು ಬರೆಯದೆ ಬಳಗದ ಒಬ್ಬ ಹಿರಿಯರು ಎಂದು ಬರೆದಿದ್ದೆ. ಓದಲು ಕೊಟ್ಟರೆ ಅದನ್ನು ಹೊಡೆದುಹಾಕಿ ತಾವೇ ಹೆಸರು ಬರೆದರು. "ಕೂಸು ಹೆಸರ ಕೆಡಿಸ್ಕೊಂಡು ವರ್ಷ ಕಳೀತು. ನಂದು ಒಂದ ಹಾಳಿ ಮ್ಯಾಲೆ ಇರಲಿ ಬಿಡು," ಎಂದರು.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಮುಂದಿನ ರಜೆಗೆ ನೀವೂ ಟೀವಿಯ ಮುಂದೆ ಕೂತು ರೆಸಾರ್ಟ್ ಆರಿಸುತ್ತೀರಿ. ಸ್ಪಾ ನೋಡಿ, ಈಜುಕೊಳ ನೋಡಿ, ಬೇಡವೆಂದವರಾರು? ಆದರೆ ಮೊದಲು ಒಂದು ಪ್ರಶ್ನೆ ರೆಸಾರ್ಟಿನವರಿಗೆ ಕೇಳಿ: ಸ್ಪಾಗೆ ಹೋಗುವ ದಾರಿ ಎಲ್ಲಿಂದ? ಕ್ಯಾಸಿನೊದ ಮುಂದಿನಿಂದಲೇ ಎಂದರೆ ಆ ಜಾಗ ಬಿಡಿ. ಪುಕ್ಕಟೆ ಆಟದ ಕಾರ್ಡು ಕೊಟ್ಟರೆ ವಾಪಸ್ ಕೊಡಿ, ಅಪ್ಪನದನ್ನು ಮಾತ್ರವಲ್ಲ, ಎಲ್ಲರದನ್ನೂ. ನಿಮ್ಮ ಮನೆಯಲ್ಲಿ ಯಾರಿಗಾದರೂ ಆ ಸೆಳೆತ ಹತ್ತಿದ್ದರೆ, ಅದು ನೀವೇ ಆಗಿದ್ದರೂ, ನಾಚಿಕೆಯನ್ನು ಬಚ್ಚಲಿನಲ್ಲಿ ಬಚ್ಚಿಡಬೇಡಿ. ಅಕ್ಕುವಿನಂಥವರು ಇದ್ದಾರೆ, ಬಾಗಿಲು ತಟ್ಟಿ.

ಎರಡನೆಯ ಪ್ರಶ್ನೆ ಮನೆಯವರಿಗೆ ಕೇಳುವಂಥದ್ದು. ಎಲ್ಲರೂ ಹೋಗೋಣ ಎನ್ನುವಾಗ ಮಗುವೊಂದು ನಾನು ಬರುವುದಿಲ್ಲ ಎಂದರೆ ಹಟವೆನ್ನಬೇಡಿ, ನಗಬೇಡಿ. ಯಾಕೆ ಎಂದು ಕೇಳಿ. ಕೇಳಿ ಸುಮ್ಮನೆ ಪಕ್ಕದಲ್ಲಿ ಕೂತುಕೊಳ್ಳಿ. ಯಾರೋ ಏಳಬೇಡ ಎಂದಿದ್ದಕ್ಕೆ ಅದು ಇನ್ನೂ ಅಲ್ಲೇ ಕೂತಿರಬಹುದು.